ಒರಿಜಿನಲ್ ಡೆಲ್ಕೋ ಸ್ಟಾರ್ಟರ್ ಅಂತ ಮಾರ್ತಿದ್ದಾರಾ? ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಅಮೆರಿಕದಲ್ಲಿ 1969ರ ಶೆವರ್ಲೆ ಕಮಾರೋ ಕಾರೊಂದಕ್ಕೆ ‘ಆ ಕಾರಿನದ್ದೇ ಕಾಲದ ಡೆಲ್ಕೋ-ರೆಮಿ’ (ಇಂಥ ಬಿಡಿಭಾಗಗಳ ಹಳೆಯ ಬ್ರ್ಯಾಂಡ್) ಎಂದು ಮಾರಿದ ಸ್ಟಾರ್ಟರ್, ಅಂದರೆ ಎಂಜಿನ್ ಚಾಲೂ ಮಾಡುವ ಮೋಟಾರಿನ ಕತೆ ಇದು. ಮೇಲೆ ಹೊಸ ಕಪ್ಪು ಬಣ್ಣ. ಬಿಚ್ಚಿ ನೋಡಿದರೆ ಬೇರೆಬೇರೆ ಸ್ಟಾರ್ಟರ್‌ಗಳ ಭಾಗ ಸೇರಿಸಿ ಕಟ್ಟಿದ್ದು. ಕೀ ತಿರುಗಿಸಿದ್ದೇ ತಡ, ರಿಂಗ್ ಗೇರಿನ (ಸ್ಟಾರ್ಟರ್ ತಿರುಗಿಸುವ, ಎಂಜಿನ್ ಚಕ್ರದ ಅಂಚಿನ ಹಲ್ಲಿನ ಬಳೆ) ಹಲ್ಲು ಸವೆದುಹೋಯಿತು. ಮಾರಿದವರು ವಾಪಸ್ ತಗೊಳ್ಳಲಿಲ್ಲ.

ಮೋಸ ಇದ್ದದ್ದು ಮೂತಿಯಲ್ಲಿ, ಅಂದರೆ ಎಂಜಿನ್ ಬ್ಲಾಕಿಗೆ ಬೋಲ್ಟ್ ಆಗುವ ಸ್ಟಾರ್ಟರಿನ ಮುಂದಿನ ತುದಿಯಲ್ಲಿ. ಶೆವರ್ಲೆ ಎಂಜಿನ್‌ಗಳಲ್ಲಿ ಫ್ಲೈವೀಲ್ (ರಿಂಗ್ ಗೇರ್ ಇರುವ ಆ ಚಕ್ರ) ಎರಡು ಬಗೆ: 153 ಹಲ್ಲಿನ 12¾ ಇಂಚಿನದು, 168 ಹಲ್ಲಿನ 14 ಇಂಚಿನದು. ಚಿಕ್ಕದಕ್ಕೆ ಬರುವ ಮೂತಿಯಲ್ಲಿ ಎರಡು ಬೋಲ್ಟ್ ತೂತೂ ನೇರ ಸಾಲಿನಲ್ಲಿರುತ್ತವೆ. ದೊಡ್ಡದರದ್ದರಲ್ಲಿ ಒಂದು ಹಿಂದೆ, ಒಂದು ಮುಂದೆ. ಈ ಕಾರಿನಲ್ಲಿದ್ದದ್ದು 153, ಬಂದದ್ದು ಓರೆ ತೂತಿನ ಮೂತಿ. ಎಷ್ಟೋ ಬ್ಲಾಕ್‌ಗಳಲ್ಲಿ ಎರಡೂ ಬಗೆಗೆ ತೂತು ಕೊರೆದಿರುತ್ತಾರೆ, ಹಾಗಾಗಿ ಬೋಲ್ಟ್ ಸಲೀಸಾಗಿ ಕೂರುತ್ತದೆ. ಆದರೆ ಸ್ಟಾರ್ಟರಿನ ಚಿಕ್ಕ ಗೇರ್, ಪಿನಿಯನ್, ದೂರ ಉಳಿದು ಹಲ್ಲಿನ ತುದಿಯನ್ನಷ್ಟೇ ಉಜ್ಜುತ್ತದೆ. ಬೋಲ್ಟ್ ಕೂತಿತು ಅಂತ ದಯವಿಟ್ಟು ನಂಬಬೇಡಿ. ಮೊದಲು ಹಲ್ಲು ಎಣಿಸಿ.

ತಾರೀಖೂ ಹೊಂದುತ್ತಿರಲಿಲ್ಲ. ಸ್ಟಾರ್ಟರಿನ ಬಾಡಿಯ ಮೇಲೆ ಏಳಂಕಿಯ ಪಾರ್ಟ್ ನಂಬರ್ ಪಕ್ಕದಲ್ಲಿ ವರ್ಷದ ಅಂಕಿ, ತಿಂಗಳ ಅಕ್ಷರ, ದಿನ ಒತ್ತಿರುತ್ತಾರೆ. ಇಲ್ಲಿದ್ದದ್ದು ‘9 ಎಚ್ 12’, ಅಂದರೆ 1969ರ ಆಗಸ್ಟ್ 12. ಕಾರು ತಯಾರಾದ ವಾರ ಒತ್ತಿರುವ ತಗಡು, ಟ್ರಿಮ್ ಟ್ಯಾಗ್, ಹೇಳುವುದು ‘05ಬಿ’, ಮೇ ಎರಡನೇ ವಾರ. ಕಾರು ತಯಾರಾದ ಮೇಲೆ ಹುಟ್ಟಿದ ಸ್ಟಾರ್ಟರ್ ಅದರ ಒರಿಜಿನಲ್ ಹೇಗಾದೀತು? ನಂಬರಿನ ಸುತ್ತ ಗ್ರೈಂಡರ್ ಗೀರು, ದಪ್ಪ ಬಣ್ಣ ಕಂಡರೂ ಅನುಮಾನಿಸಿ. ಹಳೆಯದನ್ನು ಉಜ್ಜಿ ಹೊಸ ನಂಬರ್ ಒತ್ತುವವರಿದ್ದಾರೆ.

ಸ್ಟಾರ್ಟರಿನ ಮೇಲಿನ ವಿದ್ಯುತ್ ಸ್ವಿಚ್, ಸೊಲೆನಾಯ್ಡ್‌ನಲ್ಲಿ ‘ಆರ್’ ಟರ್ಮಿನಲ್ಲೇ ಇರಲಿಲ್ಲ. ಪಾಯಿಂಟ್ಸ್ ಇಗ್ನಿಷನ್ (ಎಲೆಕ್ಟ್ರಾನಿಕ್ ಅಲ್ಲದ ಹಳೇ ಬಗೆಯ ಸ್ಪಾರ್ಕ್ ವ್ಯವಸ್ಥೆ) ಇರುವ ಇಂಥ ಕಾರಿನಲ್ಲಿ ಸ್ಟಾರ್ಟ್ ಮಾಡುವಾಗ ಸ್ಪಾರ್ಕ್ ಹುಟ್ಟಿಸುವ ಕಾಯಿಲ್‌ಗೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಹೋಗುವುದು ಅಲ್ಲಿಂದ ಹೊರಡುವ ಹಳದಿ ವೈರಿನಲ್ಲಿ. ಅದಿಲ್ಲದಿದ್ದರೆ ಸ್ಪಾರ್ಕ್ ಸಪ್ಪೆ, ಚಳಿಯಲ್ಲಿ ಎಂಜಿನ್ ಸತಾಯಿಸುತ್ತದೆ.

ಕೊಳ್ಳುವ ಮುಂಚೆ ಮೂರು ಫೋಟೋ ಕೇಳಿ: ಬಣ್ಣ ಒರೆಸಿದ ನಂಬರ್, ಬೋಲ್ಟ್ ಕೂರುವ ಮುಖ, ಸೊಲೆನಾಯ್ಡಿನ ಟರ್ಮಿನಲ್‌ಗಳು. ಕೊಡಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ. ಹಾಕುವಾಗ ಬ್ಯಾಟರಿ ಕಳಚಿ, ಪಿನಿಯನ್ನನ್ನು ಸ್ಕ್ರೂಡ್ರೈವರ್‌ನಿಂದ ರಿಂಗ್ ಗೇರಿನೊಳಕ್ಕೆ ತಳ್ಳಿ. ಪಿನಿಯನ್ ಹಲ್ಲಿನ ತುದಿಗೂ ರಿಂಗ್ ಗೇರ್ ಹಲ್ಲಿನ ಬುಡಕ್ಕೂ ನಡುವೆ ಕನಿಷ್ಠ 0.020 ಇಂಚು ಸಂದು ಬೇಕು. ಕಡಿಮೆಯಿದ್ದರೆ ಎರಡು ಬೋಲ್ಟಿಗೂ 0.015 ಇಂಚಿನ ಶಿಮ್ (ತೆಳು ತಗಡು) ಕೊಡಿ. ಸ್ಟಾರ್ಟರಿನ ಇನ್ನೊಂದು ತುದಿಯನ್ನು ಬ್ಲಾಕಿಗೆ ಹಿಡಿಯುವ ಬ್ರಾಕೆಟ್ ಬಿಡಬೇಡಿ; ಅದಿಲ್ಲದೆ ಭಾರವೆಲ್ಲ ಮೂತಿಯ ಮೇಲೆ ಬಿದ್ದು ಅದು ಬಿರುಕು ಬಿಡುತ್ತದೆ.

ಕೆಟ್ಟಿದ್ದರೂ ಸರಿಯೇ, ಕಾರಿನ ಜೊತೆ ಬಂದ ಸ್ಟಾರ್ಟರ್ ನಿಮ್ಮ ಬಳಿ ಇದ್ದರೆ ಅದನ್ನು ರಿಪೇರಿಯಾದ ಇನ್ನೊಂದರ ಬದಲಿಗೆ ಎಕ್ಸ್‌ಚೇಂಜ್‌ಗೆ ಕೊಡಬೇಡಿ. ವಾಪಸ್ ಬರುವುದು ಬೇರೆ ಯಾರದ್ದೋ ಬಾಡಿ. ಬ್ರಷ್, ಬುಷ್, ಸೊಲೆನಾಯ್ಡಿನ ತಾಮ್ರದ ಕಾಂಟ್ಯಾಕ್ಟ್ ಬದಲಿಸಿದರೆ ಬಹುಪಾಲು ಅದೇ ಮತ್ತೆ ಓಡುತ್ತದೆ.