ಸಿಮೆಂಟ್ ಕುಂಡವನ್ನು ತಲೆಯ ಮೇಲೆ ತೂಗುಹಾಕುವ ಮೊದಲು ಇದನ್ನೊಮ್ಮೆ ಓದಿ

ಮನೆಯಲ್ಲೇ ಸಿಮೆಂಟ್ ಕುಂಡ ಮಾಡಿ ಜಗಲಿಗೆ ನೇತುಹಾಕಬೇಕು ಅಂತ ಯಾರಾದರೂ ಯೋಚಿಸುತ್ತಿದ್ದರೆ ಸ್ವಲ್ಪ ತಡೆಯಿರಿ. ನಾನು ಮಾಡಿದ್ದು ಮೂರೂವರೆ ತಿಂಗಳು ಚೆನ್ನಾಗಿಯೇ ತೂಗಾಡಿತು. ಜುಲೈನಲ್ಲಿ ಒಂದು ಬೆಳಗ್ಗೆ ಬಿತ್ತು. ಬಿದ್ದ ಜಾಗದಲ್ಲೇ ದಿನಾ ನಮ್ಮತ್ತೆ ಕೂತು ಸೊಪ್ಪು ಸೋಸುವುದು. ಅವತ್ತು ಶೀತ ಅಂತ ಒಳಗೆ ಒಲೆ ಮುಂದೆ ಕೂತಿದ್ದರು.

ನಮ್ಮದು ಚಿಕ್ಕಮಗಳೂರಿನ ಆಲ್ದೂರು ಕಡೆ ಹಳೇ ಹೆಂಚಿನ ಮನೆ. ಜಗಲಿಯ ಸೂರು ಹೊತ್ತ ಮರದ ಪಕಾಸುಗಳು ಇವತ್ತಿಗೂ ಗಟ್ಟಿ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ದೊಡ್ಡ ಬೋಗುಣಿಯೊಳಗೆ ಚಿಕ್ಕ ಬೋಗುಣಿ ಇಟ್ಟು, ನಡುವೆ ಸಿಮೆಂಟ್ ಸುರಿದು, ಮರುದಿನ ಬಿಡಿಸಿದರೆ ಕುಂಡ ಸಿದ್ಧ. ಎರಡು ನಿಮಿಷದ ವಿಡಿಯೋ, ನಗುನಗುತ್ತಾ ಮಾಡಿ ಮುಗಿಸಿದ್ದರು. ಕೊಟ್ಟಿಗೆ ರಿಪೇರಿಗೆ ತಂದ ಸಿಮೆಂಟು ಅರ್ಧ ಚೀಲ ಮೂಲೆಯಲ್ಲಿ ಉಳಿದಿತ್ತು. ದೀಪಾವಳಿಗೂ ಮುಂಚೆ ತಂದದ್ದು. ನಾನು ಕುಂಡ ಮಾಡಿದ್ದು ಮಾರ್ಚ್‌ನಲ್ಲಿ. ಒಳಗೆಲ್ಲ ಗಂಟು ಕಟ್ಟಿತ್ತು. ಗುಂಡುಕಲ್ಲಲ್ಲಿ ಜಜ್ಜಿ, ಜರಡಿ ಹಿಡಿದು ಬಳಸಿದೆ. ನಮ್ಮೂರಿನ ಥಂಡಿಯಲ್ಲಿ ಬಾಯಿ ಬಿಚ್ಚಿಟ್ಟ ಸಿಮೆಂಟ್ ಗಾಳಿಯ ತೇವವನ್ನೇ ಕುಡಿದು ಅರ್ಧ ಶಕ್ತಿ ಅಲ್ಲೇ ಕಳೆದುಕೊಂಡಿರುತ್ತದೆ ಅಂತ ಆಮೇಲೆ ಗೊತ್ತಾಯಿತು. ಜಜ್ಜಿದರೆ ಪುಡಿಯಾಗುತ್ತದೆಯೇ ಹೊರತು ಕಳೆದ ಶಕ್ತಿ ವಾಪಸ್ ಬರುವುದಿಲ್ಲ.

ಒಂದು ಪಾಲು ಸಿಮೆಂಟ್, ಮೂರು ಪಾಲು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು. ಇದು ಸರಿಯಾಗಿಯೇ ಇತ್ತು. ನೀರು ಮಾತ್ರ ದೋಸೆ ಹಿಟ್ಟಿನ ಹದಕ್ಕೆ ಹಾಕಿದೆ. ಸುರಿಯಲು ಸುಲಭ ಅಲ್ವಾ! ನೀರು ಜಾಸ್ತಿಯಾದಷ್ಟೂ ಗಾರೆ ಸಡಿಲ ಅನ್ನುವುದು ಯಾವ ಮೇಸ್ತ್ರಿಯನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ಕೈಯ ಕಥೆ ಬೇರೆ. ಗ್ಲೌಸ್ ಹಾಕದೆ ಒಂದು ಗಂಟೆ ಬರಿಗೈಯಲ್ಲಿ ಅಂಚು ತೀಡಿದೆ. ಆಗ ಏನೂ ಉರಿಯಲಿಲ್ಲ, ತಣ್ಣಗೆ ಹಿತವಾಗಿಯೇ ಇತ್ತು. ರಾತ್ರಿ ಬೆರಳ ತುದಿ ಸೋಪು ಹಚ್ಚಿದ ಹಾಗೆ ಜಾರತೊಡಗಿತು. ಬೆಳಗ್ಗೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದಾಗ ಕಣ್ಣಲ್ಲಿ ನೀರು ಬಂತು. ಉಂಗುರದ ಅಡಿಯಲ್ಲಿ ಸಿಮೆಂಟ್ ಕೂತಿದ್ದ ಜಾಗದಲ್ಲಿ ಚರ್ಮವೇ ಕಿತ್ತುಬಂದಿತ್ತು. ಹಸಿ ಸಿಮೆಂಟಿನ ಪಿ.ಎಚ್. 12ರಿಂದ 13ರವರೆಗೆ ಇರುತ್ತದೆ, ಅಂದರೆ ಸುಣ್ಣದಷ್ಟೇ ಸುಡುವ ಕ್ಷಾರ. ಸುಡುವುದು ತಡವಾಗಿ ಗೊತ್ತಾಗುವುದೇ ಇದರ ಮೋಸ. ಗ್ಲೌಸ್ ಹಾಕಿ, ಉಂಗುರ ತೆಗೆದಿಡಿ. ಮೈಗೆ ತಾಗಿದರೆ ಆಗಲೇ ನಲ್ಲಿ ಕೆಳಗೆ ಹಿಡಿದು ಇಪ್ಪತ್ತು ನಿಮಿಷ ತೊಳೆಯಿರಿ.

ಮರುದಿನವೇ ಅಚ್ಚು ಬಿಡಿಸಿ ಅಂಗಳದ ಬಿಸಿಲಿಗೆ ಇಟ್ಟೆ, ಹಪ್ಪಳ ಒಣಗಿಸಿದ ಹಾಗೆ. ಮೂರು ಹಗ್ಗ ಕಟ್ಟಲು ಅಚ್ಚಿನಲ್ಲೇ ತೂತು ಬಿಡುವುದು ಮರೆತಿತ್ತು. ನಮ್ಮ ಮನೆಯವರು ಡ್ರಿಲ್ ತಂದು ಅಂಚಿನಿಂದ ಒಂದೇ ಬೆರಳು ಬಿಟ್ಟು ತೂತು ಕೊರೆದರು. ಒಂದು ತೂತಿನಿಂದ ಕೂದಲಿನಷ್ಟು ತೆಳ್ಳಗಿನ ಗೆರೆ ಕೆಳಗಿಳಿದಿತ್ತು. ನೋಡಿದ್ದೆ. ಅದರ ಮೇಲೆ ಸ್ವಲ್ಪ ಸಿಮೆಂಟ್ ತಿಳಿ ಬಳಿದು ಸುಮ್ನೆ ಆದೆ. ಇಡೀ ಕಥೆಯಲ್ಲಿ ಇದೊಂದಕ್ಕೆ ಮಾತ್ರ ನನ್ನನ್ನು ನಾನು ಇನ್ನೂ ಬೈದುಕೊಳ್ಳುತ್ತೇನೆ.

ನೆಟ್ಟ ಜರಿಗಿಡ ತಿಂಗಳೊಳಗೆ ಹಳದಿಯಾಯಿತು. ಹೊಸ ಕುಂಡದಿಂದ ಸುಣ್ಣದ ಅಂಶ ಮಣ್ಣಿಗೆ ಇಳಿಯುತ್ತದೆ, ಹೆಚ್ಚಿನ ಜರಿಗಿಡಗಳಿಗೆ ಅದು ಆಗಿಬರುವುದಿಲ್ಲ. ವಾರವಾದರೂ ನೀರಲ್ಲಿ ಮುಳುಗಿಸಿ, ದಿನಾ ನೀರು ಬದಲಿಸಿ ಆಮೇಲೆ ಗಿಡ ನೆಡಬೇಕಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಕುಂಡ ಇದ್ದದ್ದು ಸೂರಿನ ಅಂಚಿಗೆ. ತಳದ ತೂತು ಪೆನ್ನಿನ ರೀಫಿಲ್‌ನಷ್ಟೇ ಇತ್ತು, ಮಣ್ಣು ಕೂತು ಅದೂ ಮುಚ್ಚಿಹೋಯಿತು. ನೀರು ಇಳಿಯದೆ ಒಳಗೆಲ್ಲ ಕೆಸರು. ಬಿದ್ದ ಮೇಲೆ ಚೂರು, ಮಣ್ಣು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಕಾಫಿ ಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿದೆವು. ಹದಿನಾಲ್ಕು ಕೆಜಿ! ಒಂದಡಿ ಅಗಲದ ಕುಂಡ ಅಷ್ಟೇ. ನಾನು ಐದಾರು ಕೆಜಿ ಇರಬಹುದು ಅಂದುಕೊಂಡಿದ್ದೆ.

ನಾವೆಲ್ಲ ಕೊಕ್ಕೆ ಗಟ್ಟಿ ಇದೆಯಾ, ಹಗ್ಗ ಗಟ್ಟಿ ಇದೆಯಾ ಅಂತಲೇ ನೋಡಿದ್ದು. ಎರಡೂ ಇವತ್ತಿಗೂ ಪಕಾಸಿನಲ್ಲಿ ನೇತಾಡುತ್ತಿವೆ. ಹೋದದ್ದು ಕುಂಡದ ಅಂಚು. ಆ ಗೆರೆ ಇದ್ದ ತೂತು ಹರಿಯಿತು, ಕುಂಡ ವಾಲಿತು, ಭಾರವೆಲ್ಲ ಉಳಿದೆರಡು ತೂತಿಗೆ ಬಿದ್ದು ಅವೂ ಕಿತ್ತುಬಂದವು. ಗಾರೆಯೊಳಗೆ ಕೋಳಿ ಬಲೆಯ ತಂತಿ ಒಂದು ಸುತ್ತು ಇಟ್ಟಿದ್ದರೂ ಒಡೆದ ಅಂಚು ಹೀಗೆ ಒಮ್ಮೆಲೇ ಕಳಚಿ ಬೀಳುತ್ತಿರಲಿಲ್ಲ.

ಅತ್ತೆ ಹೊರಗೆ ಬಂದು ನೋಡಿ ಹೇಳಿದ್ದು ಒಂದೇ ಮಾತು. "ಬೆಣ್ಣೆ ಗಡಿಗೆಯ ಕಂಠಕ್ಕೆ ತೂತು ಕೊರೆದು ಯಾರಾದ್ರೂ ನೇತುಹಾಕ್ತಾರೇನೇ? ಕೆಳಗಿಂದ ನೆಲುವು ಹಿಡ್ಕೋಬೇಕು." ನೆಲುವು ಅಂದರೆ ಗಡಿಗೆಯನ್ನು ತಳದಿಂದ ಹಿಡಿದು ತೂಗುಹಾಕುವ ಹಗ್ಗದ ಬಲೆ. ನೂರಾರು ರೂಪಾಯಿ ಖರ್ಚು ಮಾಡಿ ನಾನು ಕಲಿತದ್ದು ಅವರ ಅಜ್ಜಿಯ ಅಡುಗೆಮನೆಯಲ್ಲೇ ಇತ್ತು.

ನೆಲ ಸರಿಮಾಡಲು ಬಂದ ಮೇಸ್ತ್ರಿಯೂ ಬಿಡಲಿಲ್ಲ. "ಅಕ್ಕಾ, ಸಿಮೆಂಟ್ ಒಣಗಿ ಗಟ್ಟಿ ಆಗೋದಲ್ಲ, ನೀರು ಕುಡಿದು ಗಟ್ಟಿ ಆಗೋದು. ಬಿಸಿಲಿಗೆ ಯಾಕಿಟ್ರಿ? ಒದ್ದೆ ಗೋಣಿ ಸುತ್ತಿ ಏಳು ದಿನ ನೆರಳಲ್ಲಿ ಇಡಬೇಕಿತ್ತು." ಪೂರ್ತಿ ಬಲ ಬರಲು 28 ದಿನ ಬೇಕಂತೆ. ನಾನು ನಾಲ್ಕನೇ ದಿನಕ್ಕೇ ತೂಗುಹಾಕಿದ್ದೆ.

ಈಗ ನೆಲುವಿನಲ್ಲಿ ಪ್ಲಾಸ್ಟಿಕ್ ಕುಂಡ ತೂಗುತ್ತಿದೆ. ಎರಡನೇ ಸಲ ಸರಿಯಾಗಿ ಮಾಡಿದ ಸಿಮೆಂಟ್ ಕುಂಡ ಮೆಟ್ಟಿಲ ಪಕ್ಕ ನೆಲದ ಮೇಲೆ ಕೂತಿದೆ, ಅಲ್ಲೇ ಇರುತ್ತದೆ. ಮಾವನವರ ತಂದೆ ಹಾಕಿಸಿದ ರೆಡ್ ಆಕ್ಸೈಡ್ ನೆಲದಲ್ಲಿ ತಟ್ಟೆಯಷ್ಟಗಲ ತೇಪೆ ಬಿದ್ದಿದೆ. ಎಷ್ಟು ಉಜ್ಜಿದರೂ ಹಳೇ ಬಣ್ಣಕ್ಕೆ ಹೊಂದುತ್ತಿಲ್ಲ. ಮನೆಗೆ ಬಂದವರೆಲ್ಲ "ಇದೇನು, ಕುಂಕುಮ ಚೆಲ್ಲಿದೆಯಾ?" ಅಂತ ಬಗ್ಗಿ ನೋಡುತ್ತಾರೆ.