ಆಕ್ಸಾನನ್ನು ಮೌಸ್‌ನಲ್ಲಿ ಎಳೆದ ಫ್ಲೆಕ್ಸ್ ಅಂಗಡಿ

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಗಲ್ಲಿಯಲ್ಲಿರುವ ಈ ಅಂಗಡಿಗೆ ಜನ ಬರುವುದು ಹುಟ್ಟುಹಬ್ಬದ ಬ್ಯಾನರ್, ಶ್ರದ್ಧಾಂಜಲಿ ಬೋರ್ಡ್ ಮಾಡಿಸಲು. ನಾನು ಹೋಗಿದ್ದು ಬಿ.ಎಸ್ಸಿ. ಪ್ರಾಣಿಶಾಸ್ತ್ರ ತರಗತಿಗೆ ಒಂದು ಚಾರ್ಟ್ ಮಾಡಿಸಲು. ನರಕೋಶದ ಆಕ್ಸಾನ್, ಅಂದರೆ ಸಂದೇಶ ಸಾಗಿಸುವ ಉದ್ದ ಎಳೆ, ಹೇಗೆ ಬೆಳೆಯುತ್ತದೆ ಅನ್ನುವ ಚಾರ್ಟ್. ರೆಡಿಮೇಡ್ ಚಾರ್ಟ್‌ಗಳಲ್ಲಿ ಬೆಳೆದು ಮುಗಿದ ಆಕ್ಸಾನ್ ಮಾತ್ರ ಇರುತ್ತದೆ, ಕರೆಂಟ್ ವೈರ್ ಥರ.

ಡಿಸೈನ್ ಮಾಡುವ ಹುಡುಗ ಚುರುಕು. ನನ್ನ ಪೆನ್ಸಿಲ್ ಚಿತ್ರವನ್ನು ಸ್ಕ್ಯಾನ್ ಮಾಡಿ ಕೋರೆಲ್‌ಡ್ರಾದಲ್ಲಿ ಚೆನ್ನಾಗಿಯೇ ತಿದ್ದಿದ. ಆಕ್ಸಾನ್ ಗಿಡ್ಡ ಆಯಿತು ಅಂದೆ. ತುದಿ ಹಿಡಿದು ಮೌಸ್‌ನಲ್ಲಿ ಎಳೆದೇಬಿಟ್ಟ. "ಆಯ್ತಲ್ಲ ಮೇಡಂ!"

ಅಲ್ಲಪ್ಪಾ, ಚಾರ್ಟ್ ಮಾಡಿಸ್ತಿರೋದೇ ಅದಕ್ಕೆ ಅಂದೆ. ಕೋಶದ ಪೊರೆ ಹಾಗೆಲ್ಲ ಹಿಗ್ಗುವುದಿಲ್ಲ. ನೂರಕ್ಕೆ ನಾಲ್ಕೈದು ಪಾಲು ಎಳೆದರೆ ಹರಿದೇ ಹೋಗುತ್ತದೆ. ಉದ್ದ ಆಗಬೇಕಾದರೆ ಹೊಸ ಪೊರೆ ಬಂದು ಸೇರಬೇಕು. ಅದರ ದೊಡ್ಡ ಪಾಲು ಕೋಶದ ಒಡಲಲ್ಲಿ ತಯಾರಾಗಿ, ಗಾಲ್ಜಿ ಅನ್ನುವ ಕೋಶದ ಪ್ಯಾಕಿಂಗ್ ವಿಭಾಗದಿಂದ ಸಣ್ಣ ಗುಳ್ಳೆಗಳಾಗಿ ಹೊರಡುತ್ತದೆ. ಕೈನೆಸಿನ್ ಅನ್ನುವ ಪ್ರೋಟೀನ್ ಅವನ್ನು ಹೊತ್ತು, ಮೈಕ್ರೋಟ್ಯೂಬ್ಯೂಲ್ ಅನ್ನುವ ಸಣ್ಣ ಕೊಳವೆಗಳ ಹಳಿ ಮೇಲೆ ತುದಿಯತ್ತ ನಡೆಯುತ್ತದೆ. ತುದಿಯಲ್ಲಿರುವುದು ಗ್ರೋತ್ ಕೋನ್, ಅಂದರೆ ಬೆಳೆಯುವ ಮೊನೆ, 1890ರಲ್ಲಿ ಸ್ಪೇನಿನ ವಿಜ್ಞಾನಿ ಕಹಾಲ್ ವಿವರಿಸಿದ್ದು. ಅಲ್ಲಿ ಸ್ನೇರ್ ಪ್ರೋಟೀನ್‌ಗಳು ಗುಳ್ಳೆಯನ್ನು ಹೊರಪೊರೆಗೆ ಒತ್ತಿ ಬೆಸೆಯುತ್ತವೆ. ಗುಳ್ಳೆಯ ಪೊರೆಯೇ ಆಕ್ಸಾನಿನ ಪೊರೆ ಆಗಿಬಿಡುತ್ತದೆ. ಜೊತೆಗೆ ಒಂದಷ್ಟು ಪೊರೆ ಒಳಕ್ಕೂ ವಾಪಸ್ ಬರುತ್ತದೆ. ಸ್ವಲ್ಪ ಅಲ್ಲೇ ಮತ್ತೆ ಬಳಕೆ, ಇನ್ನು ಸ್ವಲ್ಪವನ್ನು ಡೈನೀನ್ ಅನ್ನುವ ಇನ್ನೊಂದು ಪ್ರೋಟೀನ್ ಒಡಲಿಗೆ ಹೊತ್ತೊಯ್ಯುತ್ತದೆ. ಸೇರುವುದು ವಾಪಸ್ ಬರುವುದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಬೆಳವಣಿಗೆ. ಅದಕ್ಕೇ ಬಾಣ ಎರಡೂ ಕಡೆಗೆ ಹಾಕು ಅಂದೆ.

"ಗುಳ್ಳೆ ಎಷ್ಟು ಹಾಕಲಿ?" ಅಂದ. ಒಳ್ಳೆ ಪ್ರಶ್ನೆ, ಅಲ್ವಾ? 1 ಮೈಕ್ರೋಮೀಟರ್ ದಪ್ಪದ ಆಕ್ಸಾನ್ ದಿನಕ್ಕೆ 1 ಮಿಲಿಮೀಟರ್ ಬೆಳೆಯುತ್ತದೆ ಅಂದುಕೊಳ್ಳಿ. 100 ನ್ಯಾನೋಮೀಟರ್ ಅಗಲದ ಗುಳ್ಳೆಗಳು ಸುಮಾರು 1 ಲಕ್ಷ ಬೇಕು, ಅದೂ ವಾಪಸ್ ಬರುವುದನ್ನು ಬಿಟ್ಟು. ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿ ತೋರಿಸಿದೆ. ಅವನು 20 ಹಾಕಿ ಸುಮ್ಮನಾದ.

ಪ್ರಿಂಟ್ ಚೆನ್ನಾಗಿದೆ. ಕೈನೆಸಿನ್ ಹಸಿರು, ಡೈನೀನ್ ಕೆಂಪು, ಕೊನೆ ಬೆಂಚಿಗೂ ಕಾಣುತ್ತದೆ. ವಿನೈಲ್ ಅನ್ನು ಸನ್‌ಬೋರ್ಡ್‌ಗೆ ಸುಕ್ಕು ಬಾರದ ಹಾಗೆ ಅಂಟಿಸಿದ್ದಾರೆ.

ಬೇಜಾರಾಗಿದ್ದು ಅಕ್ಷರಗಳ ವಿಷಯದಲ್ಲಿ. ಮೊಬೈಲ್‌ನಲ್ಲಿ ಟೈಪ್ ಮಾಡಿ ಕಳಿಸಿದ ಕನ್ನಡ ನುಡಿ ಫಾಂಟ್‌ಗೆ ಹೋಗುವಾಗ ಒತ್ತಕ್ಷರ ಕಳೆದುಕೊಂಡು 'ಆಕ್ಸಾನ್' ಎಲ್ಲ ಕಡೆ 'ಆಕಾನ್' ಆಗಿತ್ತು. ಪ್ರೂಫ್ ನೋಡದೆ ಒಪ್ಪಬೇಡಿ. ಡಿಸೈನಿಂಗ್‌ಗೆ ಬೇರೆ ದುಡ್ಡು ಅನ್ನುವುದನ್ನೂ ಬಿಲ್ ಹಾಕುವಾಗಲೇ ಹೇಳುತ್ತಾರೆ, ಅದಕ್ಕೆ ಒಂದು ಸ್ಟಾರ್ ಕಟ್. ಐದಕ್ಕೆ ನಾಲ್ಕು. ಗಣೇಶನ ಹಬ್ಬ, ರಾಜ್ಯೋತ್ಸವ ಹತ್ತಿರ ಇದ್ದಾಗ ಮಾತ್ರ ಹೋಗಬೇಡಿ. ಬ್ಯಾನರ್ ಆರ್ಡರ್‌ಗಳ ಮಧ್ಯೆ ನಿಮ್ಮ ಚಾರ್ಟನ್ನು ಯಾರೂ ಮುಟ್ಟುವುದಿಲ್ಲ.