ಕೋಬಾಲ್ಟ್ ಬೇರ್ಪಡಿಸುವ ಟ್ರೈಆಕ್ಟೈಲ್ ಅಮೈನ್: ನಾಲ್ಕು ವರ್ಷ ಬಳಸಿದ ಮೇಲೆ

ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಚಿಕ್ಕ ಘಟಕದಲ್ಲಿ ಮಿಶ್ರಲೋಹದ ಚೂರುಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಕೋಬಾಲ್ಟನ್ನು ನಿಕಲ್‌ನಿಂದ ಬೇರ್ಪಡಿಸಲು ಟ್ರೈಆಕ್ಟೈಲ್ ಅಮೈನ್ ಎಂಬ, ನೀರಿನಲ್ಲಿ ಕರಗದ ಎಣ್ಣೆಯಂಥ ರಾಸಾಯನಿಕವನ್ನು ಸೀಮೆಎಣ್ಣೆಯಲ್ಲಿ ಬೆರೆಸಿ ಬಳಸುತ್ತಿದ್ದೇವೆ. ಕೆಲಸದ ಮಟ್ಟಿಗೆ ದೂರಿಲ್ಲ. ಕ್ಲೋರೈಡ್ ಸಾಕಷ್ಟಿದ್ದರೆ ಕೋಬಾಲ್ಟ್ ನಾಲ್ಕು ಕ್ಲೋರೈಡ್‌ಗಳನ್ನು ಕಟ್ಟಿಕೊಂಡು ಋಣ ಅಯಾನಾಗುತ್ತದೆ (ಋಣ ವಿದ್ಯುದಾವೇಶದ ಕಣ), ಆಮ್ಲ ಹೀರಿದ ಅಮೈನ್ ಅದನ್ನು ಎಳೆದುಕೊಳ್ಳುತ್ತದೆ. ನಿಕಲ್‌ಗೆ ಆ ಗುಣವಿಲ್ಲದ್ದರಿಂದ ಅದು ನೀರಿನಲ್ಲೇ ಉಳಿಯುತ್ತದೆ. ಎರಡನ್ನೂ ಬೇರ್ಪಡಿಸುವ ಫನಲ್‌ಗೆ ಹಾಕಿ ಕುಲುಕಿ ನಿಲ್ಲಿಸಿದರೆ ಮೇಲೆ ಸೀಮೆಎಣ್ಣೆಯ ಪದರ ಗಾಢ ನೀಲಿ, ಕೆಳಗೆ ನೀರಿನ ಪದರ ಪಾಚಿ ಹಸಿರು. ಆ ನೀಲಿಗೆ ತುಸು ಆಮ್ಲ ಬೆರೆಸಿದ ನೀರು ಕೊಟ್ಟರೆ ಕ್ಲೋರೈಡ್ ಕಡಿಮೆಯಾಗಿ ಕೋಬಾಲ್ಟ್ ಗುಲಾಬಿ ಬಣ್ಣದಲ್ಲಿ ಕೆಳಗಿಳಿಯುತ್ತದೆ. ನಾರ್ವೆಯ ಕ್ರಿಸ್ಟಿಯಾನ್‌ಸ್ಯಾಂಡ್‌ನ ನಿಕಲ್ ಶುದ್ಧೀಕರಣ ಘಟಕವೂ ಕೋಬಾಲ್ಟ್‌ಗೆ ಇದೇ ಜಾತಿಯ ಅಮೈನನ್ನು ನೆಚ್ಚಿಕೊಂಡದ್ದು ಸುಮ್ಮನಲ್ಲ.

ಆದರೆ ಮಾರಾಟಗಾರರು ಹೇಳದ ಸಂಗತಿಯೊಂದಿದೆ. ಆಮ್ಲ ಹೀರಿದ ಅಮೈನ್ ಸೀಮೆಎಣ್ಣೆಯಲ್ಲಿ ಚೆನ್ನಾಗಿ ಕರಗುವುದಿಲ್ಲ. ಐಸೋಡೆಕನಾಲ್‌ನಂಥ ಆಲ್ಕೊಹಾಲ್ ಬೆರೆಸದಿದ್ದರೆ ಎರಡು ಪದರಗಳ ನಡುವೆ ಮೂರನೆಯದೊಂದು ಜಿಡ್ಡಾಗಿ ಬಂದು ಕೂರುತ್ತದೆ. ಮೊದಲ ವರ್ಷದ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಹೀಗಾದಾಗ, ಮಿಕ್ಸರ್ ಸರಿಯಿಲ್ಲವೆಂದು ಅದನ್ನೇ ಎರಡು ದಿನ ಬಿಚ್ಚಿ ಜೋಡಿಸಿದೆವು! ಐಸೋಡೆಕನಾಲ್ ಹಾಕಿದ ಮೇಲೆ ಪದರಗಳು ಮೂರು ನಿಮಿಷದೊಳಗೆ ಬೇರೆಯಾದವು. ಡಬ್ಬಿಯ ಮೇಲಿನ ಚೀಟಿಯಲ್ಲಿ ಇದರ ಒಂದು ಸಾಲೂ ಇರಲಿಲ್ಲವೆಂಬುದು ನನ್ನ ಅಸಮಾಧಾನ. ಐದಕ್ಕೆ ನಾಲ್ಕು ಅಂಕ ಕೊಡುತ್ತಿರುವುದು ಅದಕ್ಕೇ.

ಕಬ್ಬಿಣ, ಸತುಗಳನ್ನು ಮೊದಲೇ ತೆಗೆದಿಡಿ. ಇವೆರಡೂ ಕೋಬಾಲ್ಟ್‌ಗಿಂತ ಮುಂಚೆ ಅಮೈನ್‌ಗೆ ಏರಿ ಕೂರುತ್ತವೆ, ಸತುವಂತೂ ನೀರಿಗೆ ಸುಲಭವಾಗಿ ಜಗ್ಗದು. ಒಮ್ಮೆ ಕಬ್ಬಿಣ ಉಳಿದ ದ್ರಾವಣವನ್ನು ಆತುರದಿಂದ ಹಾಕಿ, ಇಡೀ ನೀಲಿಯನ್ನು ಕಂದು ಕಷಾಯ ಮಾಡಿಕೊಂಡಿದ್ದೇವೆ. ನೀಲಿ ಪದರವನ್ನು ತೊಳೆಯಲು ಕೊಳವೆಬಾವಿಯ ನೀರೂ ಬೇಡ, ಅದರ ಕ್ಯಾಲ್ಸಿಯಂ ಗುಲಾಬಿ ದ್ರಾವಣಕ್ಕೆ ಸೇರಿಕೊಳ್ಳುತ್ತದೆ. ಇನ್ನು ಸಾಮಾನ್ಯ ರಬ್ಬರ್ ವಾಷರ್‌ಗಳು ಸೀಮೆಎಣ್ಣೆ ಕುಡಿದು ಉಬ್ಬುತ್ತವೆ. ಟೆಫ್ಲಾನ್‌ನವನ್ನು ಹಾಕಿಸಿದ ಮೇಲೆ ನೆಲದ ಮೇಲಿನ ನೀಲಿ ಕಲೆಗಳು ನಿಂತಿವೆ.